ಉಚಿತವಾಗಿ ಸಿಕ್ಕಿದ್ದರ ಕಾಲಂ

ಠೇವಣಿ ಹತ್ತು ಸಾವಿರ.
ಅದರಲ್ಲಿ ಮೂರು ಸಾವಿರದಷ್ಟು ಬರೀ ಹತ್ತರ ನಾಣ್ಯ.
ಎಣಿಸುತ್ತಾ ಗುಮಾಸ್ತ ಬೆರಳು ಮೂಸಿ ನೋಡಿದ.
ಮರುವಾಯಿ ಮಾರಿದ ದುಡ್ಡು ಸ್ವಾಮೀ,
ಎಷ್ಟು ತೊಳೆದರೂ ಹೊಳೆ ಬಿಟ್ಟು ಹೋಗುವುದಿಲ್ಲ.

ನಾವು ಕೇಳಿದ್ದು ದೋಣಿ.
ಪಟ್ಟಿಯಲ್ಲಿ ಉಳಿದದ್ದು ಏಸಿ.
ಕೂಳೂರು ಸೇತುವೆಯ ಕೆಳಗೆ ಸೊಂಟಮಟ್ಟ ನೀರಿನಲ್ಲಿ
ನಲವತ್ತು ವರ್ಷ ನಿಂತ ವಾರಿಜಕ್ಕನಿಗೆ
ಚುನಾವಣಾ ಚಿಹ್ನೆ: ಹವಾನಿಯಂತ್ರಕ.
ಬಿದ್ದು ಬಿದ್ದು ನಕ್ಕಳು.
"ಅಹವಾಲು ಸಭೆಯಲ್ಲಿ ನನ್ನನ್ನು ನಡುಗಿಸಿದ್ದು ಇದೇ ಅಲ್ವನಾ?"

ಆ ದಿನ ಅವಳ ಕೈಯಲ್ಲಿ
ಬಾಟಲಿ ತುಂಬ ಹೊಳೆಯ ನೀರು.
ಮೇಜಿನಾಚೆ ಅಧಿಕಾರಿಗಳ ಮುಂದೆ ಮೊಹರಿನ ನೀರು.
ಮಾತಿಗೆ ಮೂರು ನಿಮಿಷ;
ಎರಡು ನಿಮಿಷ ಹಲ್ಲು ಕಟಕಟ.
ಉಳಿದ ಒಂದರಲ್ಲಿ ಅವಳು ಕೇಳಿದ್ದು:
ನಡುರಾತ್ರಿ ಹೊಳೆಗೆ ಬಿಡುವ ಕರಿನೀರಿಗೆ
ಸಹಿ ಹಾಕಿದವರು ಯಾರು?
ನಡಾವಳಿಯಲ್ಲಿ ಅದು ಹೀಗೆ ಅಚ್ಚಾಗಿದೆ:
ಸ್ಥಳೀಯ ಮಹಿಳೆಯೊಬ್ಬರು ಯೋಜನೆಯನ್ನು ಸ್ವಾಗತಿಸಿದರು.

ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತ ಒಂದುಂಟು,
ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು
ಎಂದು ನಾನು, ಸೊಸೈಟಿಯ ಪಾಸ್‌ಪುಸ್ತಕ ಬರೆದವ,
ಎಂದೋ ಬಾಯಿತಪ್ಪಿ ಹೇಳಿದ್ದೆ.
"ಐದು ವರ್ಷ ಯಾರಿಗೆ ಬೇಕು ಮಾರಾಯ,
ನನಗೆ ಆ ಒಂದು ಚುಕ್ಕೆ ಸಾಕು."

ಹತ್ತೊಂಬತ್ತು ದಿನ. ಮೋನಾಕನ ದೋಣಿ.
ಫ್ಲೋಸಿ ಬಾಯಿಯ ಹಳೆ ಸೀರೆಗಳ ಬ್ಯಾನರು,
ಅಕ್ಷರದ ಹಿಂದಿನಿಂದ ಇಣುಕುವ ಬಳ್ಳಿ, ಹೂವು.
ಮೀನು ಮಾರುಕಟ್ಟೆಯಲ್ಲಿ ಹೆಂಗಸರು ಕರೆದು ಕೇಳುವರು:
ಓಟು ಹಾಕಿದರೆ ಏಸಿ ಯಾವಾಗ ಬರ್ತದೆ?

ಬಂದದ್ದು ಎಂಟುನೂರ ಹನ್ನೆರಡು.
ಅವಳ ಸ್ವಂತ ಮತಗಟ್ಟೆಯಲ್ಲಿ ಆರು.
ಅವಳ ಮನೆಯಲ್ಲೇ ಏಳು ಓಟುಂಟು.
ನಾನು ಪೆನ್ನು ಹಿಡಿದು ಕೂತಿದ್ದೆ. ಅಳಿಯ
ಕಂಪೆನಿಯ ಗೇಟಿನಲ್ಲಿ ಕಾವಲು. ಒಳಗೆ ಮಲಗಿದ್ದ,
ರಾತ್ರಿ ಪಾಳಿ ಮುಗಿಸಿ.
"ಯಾರೆಂದು ಕೂಡಿಸಿ ಕಳೆಯಬೇಡ," ಅಂದಳು ಮೆಲ್ಲಗೆ,
"ಎದ್ದ ಮೇಲೆ ಅವನಿಗೂ ನಾನೇ ಬಡಿಸಬೇಕು."

ಠೇವಣಿ ಹೋಯಿತು. ಲೆಕ್ಕ ಹೋಗಲಿಲ್ಲ.
ತಿಂಗಳೊಳಗೆ ಖರ್ಚಿನ ವಿವರ ಕೊಡಬೇಕು.
ಗುಮಾಸ್ತ ಕನ್ನಡಕ ಏರಿಸಿದ:
ದೋಣಿ ಪುಕ್ಕಟೆ ಅಂತ ಬರೆಯಲಿಕ್ಕಿಲ್ಲ,
ಉಚಿತವಾಗಿ ಸಿಕ್ಕಿದ್ದಕ್ಕೂ ಬೆಲೆ ಕಟ್ಟಬೇಕು. ನಿಯಮ.
ಸೀರೆಗೆ ಎಷ್ಟು? ಹುಟ್ಟಿಗೆ ಎಷ್ಟು?
ಮೋನಾಕನ ಭುಜ ನೋವಿಗೆ ಎಷ್ಟು?
ಸಂಜೆ ನಮ್ಮನ್ನು ತಾನೇ ತಳ್ಳಿಕೊಂಡು ಬಂದ ಭರತಕ್ಕೆ?

ನಿಯಮ ಒಳ್ಳೆಯದೇ, ಅಂದೆ.
ಇದೇ ನಮೂನೆ ಕಂಪೆನಿಗೂ ಕೊಟ್ಟಿದ್ದೀರಾ?
ಇಷ್ಟು ವರ್ಷ ಹೊಳೆ ಸಿಕ್ಕಿದ್ದು ಯಾವ ಕಾಲಮಿನಲ್ಲಿ?

ಅವನು ತಲೆ ಎತ್ತಲಿಲ್ಲ.
ಆದರೆ ಖಾಲಿ ನಮೂನೆ ಇನ್ನೊಂದನ್ನು
ಮೇಜಿನ ಮೇಲಿಂದ ನನ್ನ ಕಡೆಗೆ ಸರಿಸಿದ.

ಅದನ್ನೀಗ ವಾರಿಜಕ್ಕ ಅಂಗಳದಲ್ಲಿ ಹಾಸಿದ್ದಾಳೆ.
ಬೆಳಗಿನ ಇಳಿತಕ್ಕೆ ಸಿಕ್ಕಿದ್ದು ಒಂದೂವರೆ ಸೇರು.
ಬಿಸಿ ಬಿಸಿ ಸುರಿದು ಎಣಿಸುತ್ತಿದ್ದಾಳೆ,
ಬೆಂದರೂ ಬಾಯಿ ಬಿಡದವನ್ನು
ಒಂದೊಂದಾಗಿ ಬದಿಗೆ ತೆಗೆದು.