ಮನೆಹೆಸರು ಬದಲಿಸದೆ

ಗೋಣಿಕೊಪ್ಪದ ಕ್ಯೂರಿಂಗ್ ಗೋದಾಮಿನ ಮಾಳಿಗೆ.
ಕೆಳಗೆ ಹಲ್ಲರ್ ಯಂತ್ರದ ಗುಡುಗು, ಕೀಲಿಮಣೆಯ ಮೇಲೆ ಹೊಟ್ಟಿನ ಧೂಳು.
ತೂಕದ ಗುಮಾಸ್ತ ಚಿಟ್ಟಿಯಪ್ಪ
ಹದಿನಾಲ್ಕು ವರ್ಷದ ಹಿಂದೆ ಪುಸ್ತಕ ನೋಡಿ ತಾನೇ ಕಲಿತು
ಬರೆದಿಟ್ಟ ಕ್ಲಾಸೊಂದಿದೆ. ಹೆಸರು: ಚೀಲ.

ತೂಕ, ತೇವ, ತೋಟದ ಗುರುತು, ಬಂದ ದಿನ.
ಔಟ್‌ಟರ್ನ್ ಕೇಳಿದರೆ ಲೆಕ್ಕ ಹಾಕಿ ಹೇಳುತ್ತದೆ.
ಅಷ್ಟೇ.
ತನ್ನನ್ನು ಎಲ್ಲಿಡುತ್ತಾರೆಂಬುದು ಅದಕ್ಕೆ ಗೊತ್ತಿಲ್ಲ.
ಗೋಣಿಗೇಕೆ ಗೋದಾಮಿನ ನಕ್ಷೆ?

ಈಗ ಹೊಸ ಫ್ರೇಮ್‌ವರ್ಕ್ ಬಂದಿದೆ,
ಬಾಗಿಲಲ್ಲೇ ನಿಂತು ಷರತ್ತು ಹಾಕುತ್ತದೆ:
ಟೇಬಲ್ಲಿಗೆ ಇಳಿಯಬೇಕಾದವರೆಲ್ಲ
ನನ್ನ ಮಾಡೆಲಿನ ಮಕ್ಕಳಾಗಿ ಹುಟ್ಟಿ ಬನ್ನಿ,
ಉಳಿಸುವುದು, ಅಳಿಸುವುದು, ಹುಡುಕುವುದು
ಎಲ್ಲ ನಿಮ್ಮ ಮೈಗೇ ಹೊಲಿದು ಕೊಡುತ್ತೇನೆ.

‘ಮತ್ತೆ ಬರೆದುಬಿಡೋಣ ಅಕ್ಕ, ಎರಡು ದಿನದ ಕೆಲಸ’ ಎಂದ ನೌಫಲ್.
ಹೂಂ ಎಂದೆ. ಬರೆದೆವು ಕೂಡ.
ಆಮೇಲೆ ಒಂದೇ ಒಂದು ಚೀಲದ ಔಟ್‌ಟರ್ನ್ ನೋಡಲು
ಇಡೀ ಡೇಟಾಬೇಸನ್ನು ಎಬ್ಬಿಸಬೇಕಾಯಿತು,
ಹಿಡಿ ಬೀಜ ತೂಗಲು
ಲಾರಿ ಸ್ಟಾರ್ಟ್ ಮಾಡಿದ ಹಾಗೆ.

ನಮ್ಮಲ್ಲೊಂದು ಪದ್ಧತಿಯಿತ್ತು, ಅಜ್ಜಿ ಹೇಳುತ್ತಿದ್ದಳು:
ಗಂಡುಸಂತಾನ ಉಳಿಯದ ಒಕ್ಕಕ್ಕೆ ಅಳಿಯ ಬರುತ್ತಾನೆ
ತನ್ನ ಮನೆಹೆಸರು ತನ್ನಲ್ಲೇ ಇಟ್ಟುಕೊಂಡು.
ಹುಟ್ಟುವ ಮಕ್ಕಳು ಮಾತ್ರ ಆ ಮನೆಯ ಲೆಕ್ಕಕ್ಕೆ.
ಮಕ್ಕಪರಿಜೆ.
ಬಾಯಲ್ಲಿ ಎಲೆಯಡಿಕೆ ಇದ್ದರೆ ಇಷ್ಟೂ ಹೇಳುತ್ತಿರಲಿಲ್ಲ.

ಬರೆದದ್ದನ್ನೆಲ್ಲ ಅಳಿಸಿದೆವು.
ಬೇರೆಯೇ ಒಂದು ಕಡತ ತೆರೆದು ಗುರುತು ಹಾಕಿದೆವು:
ಈ ತೂಕ ಆ ಕಾಲಮ್ಮಿಗೆ, ಈ ತೇವ ಅದರ ಪಕ್ಕಕ್ಕೆ,
ತೋಟ ಇನ್ನೊಂದು ಟೇಬಲ್ಲಿನ ಕೈ ಹಿಡಿಯಲಿ.
ಔಟ್‌ಟರ್ನಿಗೆ ಕಾಲಮ್ ಬೇಡ,
ಅದು ಕೇಳಿದಾಗ ಹುಟ್ಟುವಂಥದ್ದು.

ಸುಲಭವೇನಲ್ಲ. ಅಡ್ಮಿನ್ ಪುಟ ಮುನಿಸಿಕೊಂಡಿತು,
ಫಾರಮ್ಮುಗಳನ್ನು ಕೈಯಾರೆ ಕಟ್ಟಬೇಕಾಯಿತು,
ದಿನಾಂಕ ಎರಡು ಸಲ ತಲೆಕೆಳಗಾಯಿತು.
‘ನಾನು ಮೊದಲೇ ಹೇಳಿದ್ದೆ’ ಎಂಬುದನ್ನು ನುಂಗಿಕೊಂಡು
ನೌಫಲ್ ಬೆಲ್ಲದ ಕಾಫಿ ತಂದ.

ಆರೂವರೆಗೆ ಮೊದಲ ಸಾಲು ಒಳಗೆ ಬಿತ್ತು:
ಐವತ್ತು ಕೇಜಿ ಚೆರಿ, ತೇವ ಹನ್ನೊಂದೂವರೆ, ಅಮ್ಮತ್ತಿಯ ತೋಟ.
ತಿರುಗಿ ಕರೆದೆ.
ಎದ್ದು ಬಂದದ್ದು ಅದೇ ಚೀಲ,
ಇಪ್ಪತ್ತೇಳೂಕಾಲು ಎಂದಿತು, ಹಳೆಯ ದನಿಯಲ್ಲೇ.

ಚಿಟ್ಟಿಯಪ್ಪನಿಗೆ ಹೇಳಲು ಏನೂ ಇರಲಿಲ್ಲ.
ಕೆಳಗೆ ತಕ್ಕಡಿಯ ಹತ್ತಿರ ಯಾರಿಗೋ ಬೈಯುತ್ತಿದ್ದ.
ಅವನ ಕಡತದಲ್ಲಿ ಅಕ್ಷರವೊಂದೂ ಅಲುಗಿಲ್ಲ,
ತುದಿಯ ಟಿಪ್ಪಣಿ ಸಹ ಇದ್ದಲ್ಲೇ ಇದೆ:
ಖಾಲಿ ಗೋಣಿಯ ತೂಕ ಕಳೆಯಲು ಮರೆಯಬೇಡಿ.