ಹುಳಿ ಮಣ್ಣಿನ ಹಾಜರಿ

ಟೀ ಕಾರ್ಖಾನೆಯ ಹೆಬ್ಬಾಗಿಲನ್ನು ಯಾರೋ ಗುಜರಿಗೆ ಹಾಕಿ
ಮೂವತ್ತು ವರ್ಷವಾಯಿತಂತೆ.
ಎಲೆ ಒಣಗಿಸುವ ಯಂತ್ರ ಹೋಯಿತು, ತಕ್ಕಡಿ ಹೋಯಿತು,
ಗೋಡೆಯ ಮೇಲೆ ನಗುತ್ತಿದ್ದ ಬಣ್ಣದ ಹೆಂಗಸಿನ
ಮುಖದ ಗಾರೆ ಉದುರಿ
ಬುಟ್ಟಿ ಮಾತ್ರ ಉಳಿದಿದೆ.

ಗುರಿಯಾ ಸೀಮೆಯ ಈ ಗುಡ್ಡಕ್ಕೆ ನಾನು ಬಂದದ್ದು
ಕೊರೆಯುವ ಸಲಾಕೆ, ಹನ್ನೆರಡು ಚೀಲ, ಒಂದು ಐಸ್ ಡಬ್ಬಿ ಹೊತ್ತು.
ಹಿಂದೆ, ಕೆಳಗೆ, ಕಪ್ಪು ಸಮುದ್ರಕ್ಕೆ ಮಂಜು.
ಮುಂದೆ ಲಮಾರಾ, ಎಪ್ಪತ್ತೊಂಬತ್ತರ ಮುದುಕಿ,
ಜರೀಗಿಡವನ್ನು ಕುಡುಗೋಲಿನಿಂದ ಸವರುತ್ತಾ
‘ಇದು ಏಳನೇ ಸಾಲು. ನನ್ನದು’ ಎಂದಳು.
ನನಗೆ ಕಂಡದ್ದು ಬರೀ ಮುಳ್ಳುಬಳ್ಳಿ.
ಆಮೇಲೆ ಅದರ ನಡುವೆ
ಆಳೆತ್ತರ ಬೆಳೆದು ತಾನು ಗಿಡವೆಂಬುದನ್ನೇ ಮರೆತ
ಟೀ ಮರ.

ಒಂದು ಗೇಣು ಕೊರೆದೆ.
ನೆನೆದ ಇಟ್ಟಿಗೆಯ ಪುಡಿಯಂಥ ಮಣ್ಣು.
ಕಲಸಿ, ತಿಳಿಯಾಗಲು ಬಿಟ್ಟು, ಕಾಗದದ ಪಟ್ಟಿ ಅದ್ದಿದರೆ
ಮೂರು ಮುಕ್ಕಾಲು.
ಟೊಮೇಟೊ ರಸಕ್ಕಿಂತ ಒಂದು ಕೈ ಮೇಲು.
ಇಂಥದರಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಸುಡುತ್ತದೆ,
ಜೋಳ ಮೊಳೆತರೂ ಮೇಲೇಳುವುದಿಲ್ಲ;
ಟೀ ಮಾತ್ರ ಆ ವಿಷವನ್ನು ಹಳೆಯ ಎಲೆಗಳಿಗೆ ಸಾಗಹಾಕಿ
ಏನೂ ಆಗದಂತೆ ಚಿಗುರುತ್ತದೆ.

ಪಟ್ಟಿಯ ಬಣ್ಣ ನೋಡಿ ಮುದುಕಿ ನಕ್ಕಳು:
‘ಹುಳಿ ಹಿಂಡಿದವರು ನಾವೇ, ಮಗಳೇ.’
ವರ್ಷವರ್ಷ ಲಾರಿಗಟ್ಟಲೆ ಅಮೋನಿಯಂ ಸಲ್ಫೇಟು,
ಯೋಜನೆಯ ಮೇಲೆ ಯೋಜನೆ,
ದಿನಕ್ಕೆ ಅರವತ್ತು ಕಿಲೋ ಎಲೆ, ಉಗುರಿನ ಸಂದಿಗೆ ಕರೆ.
ಒಂದು ವರ್ಷ ಪದಕ ಕೊಟ್ಟರು. ಇನ್ನೊಂದು ವರ್ಷ ಹೊಲಿಗೆ ಯಂತ್ರ.
ಆಮೇಲೊಂದು ಬೆಳಿಗ್ಗೆ ತಕ್ಕಡಿಯವನು ಬರಲಿಲ್ಲ.
ಮಾರನೆಯ ದಿನ ದೇಶವೇ ಬರಲಿಲ್ಲ.

ಇದನ್ನು ಯಾರೂ
ಮಣ್ಣಿನೊಳಗಿನವಕ್ಕೆ ಹೇಳಿರಲಿಲ್ಲ.

ಲ್ಯಾಬಿನಲ್ಲಿ ಅಗರ್ ತಟ್ಟೆಗೂ ಹುಳಿ ಬೆರೆಸಿದೆ,
ನೆಂಟರ ಊರಿನ ರುಚಿಗೆ ತಕ್ಕ ಅಡಿಗೆ.
ಒಂದು ವಾರ, ಏನಿಲ್ಲ.
ಎರಡು ವಾರ, ಏನಿಲ್ಲ; ‘ತೊಳೆದಿಡಲೇ?’ ಅಂದ ಜೊತೆಯ ಹುಡುಗ ಬಾದ್ರಿ.
ಇಪ್ಪತ್ತೆರಡನೆಯ ದಿನ, ದೀಪಕ್ಕೆ ಓರೆಯಾಗಿ ಹಿಡಿದಾಗ,
ಸೂಜಿಮೊನೆಯಷ್ಟು ಮಸುಕು. ಪಕ್ಕದಲ್ಲಿ ಇನ್ನೊಂದು.
ತೂತು ದೋಣಿಯಲ್ಲಿ ಕೂತವರಂತೆ
ಒಳನುಗ್ಗುವ ಹುಳಿಯನ್ನು ಮೊಗೆದು ಮೊಗೆದು ಹೊರಚೆಲ್ಲುತ್ತ,
ಉಳಿದ ಇಷ್ಟೇ ಇಷ್ಟು ಬಿಡುವಿನಲ್ಲಿ
ಉಂಡು, ಎರಡಾಗಿ,
ಉದುರೆಲೆಯನ್ನು ಉಪ್ಪಾಗಿಸಿ ಬೇರಿಗೆ ಬಡಿಸುತ್ತಿದ್ದವು.
ಹಾಜರಿ ಪುಸ್ತಕವಿಲ್ಲ. ತೂಗುವವರಿಲ್ಲ.

ಸುದ್ದಿ ಹೇಳಲು ಹೋದಾಗ ಲಮಾರಾ
ಮೊಸರಿಗೆ ಹೆಪ್ಪು ಹಾಕುತ್ತಿದ್ದಳು.
ಚಿತ್ರ ತೋರಿಸಿದೆ. ಕನ್ನಡಕ ಒರೆಸಿಕೊಂಡು ನೋಡಿದಳು.
‘ಹೆಪ್ಪಿನ ದಾಯಾದಿಗಳು ಅನ್ನು’ ಎಂದು
ಗಡಿಗೆಗೆ ಕಂಬಳಿ ಸುತ್ತಿದಳು, ಅಷ್ಟೆ.
ಸ್ವಲ್ಪ ಹೊತ್ತಿಗೆ:
‘ಗೋಚಾ ಹೇಜಲ್ ನೆಡುತ್ತಾನೆ. ನಾಳೆ ಸುಣ್ಣದ ಲಾರಿ.
ಸುಣ್ಣ ಬಿದ್ದರೆ ಇವು?’
ಸುಳ್ಳು ಹೇಳಬಹುದಿತ್ತು.
‘ಸಾಯುತ್ತವೆ, ಬಹಳಷ್ಟು. ಬೇರೆಯವು ಬರುತ್ತವೆ’ ಎಂದೆ.
‘ಬರುತ್ತವೆ, ಬರುತ್ತವೆ’ ಎಂದಳು ಅವಳು,
ಯಾರದೋ ಮದುವೆಯ ಮಾತು ಆಡಿದಂತೆ.

ಮಾರನೆಯ ದಿನ ಗುಡ್ಡ ಬೆಳ್ಳಗಿತ್ತು.
ಅತ್ತೆಯ ಜೊತೆ ಏನು ಜಗಳವಾಗಿತ್ತೋ,
ಗೋಚಾ ಏಳನೇ ಸಾಲನ್ನು ಬಿಟ್ಟಿದ್ದ, ಮುಖ ಊದಿಸಿಕೊಂಡು.
ಗಾಳಿ ಬಿಟ್ಟಿರಲಿಲ್ಲ.
ಎಲೆಗಳ ಮೇಲೆಲ್ಲ ಸುಣ್ಣದ ಧೂಳು;
ಲಮಾರಾ ಏಪ್ರನ್ನಿನ ತುದಿಯಿಂದ
ಒಂದೊಂದೇ ಕೊಂಬೆ ಒರೆಸುತ್ತಾ ನಡೆದಿದ್ದಳು.
ಮಾತಾಡಿಸಿದೆ. ತಿರುಗಿದಳು.
ಅವಳ ಎಡಗೈಯಲ್ಲಿ ಒಂದು ಹಿಡಿ:
ಎರಡೆಲೆ ಒಂದು ಮೊಗ್ಗು, ಎರಡೆಲೆ ಒಂದು ಮೊಗ್ಗು.
ಯಾವಾಗ ಕಿತ್ತೆನೆಂದು
ಅವಳೂ ನೋಡುತ್ತಾ ನಿಂತಳು.