ಐದು ಮೀಟರಿನ ಆಚೆ

ಯುಎಸ್‌ಬಿ ವಯರಿನ ಆಯಸ್ಸು ಐದು ಮೀಟರು.
ಅದರಾಚೆ ಮಾತು ತೊದಲುತ್ತದೆ,
ಯಂತ್ರ ಇದ್ದರೂ ಇಲ್ಲವೆನ್ನುತ್ತದೆ ಪರದೆ.
ಮೆಟ್ಟಿಲಿನಿಂದ ಕತ್ತಲಕೋಣೆಯ ಮೇಜಿಗೆ ಹನ್ನೊಂದು.
ನಡುವೆ ಚಿರೆಕಲ್ಲಿನ ದಪ್ಪ ಗೋಡೆ, ಒಂದು ಬಾಗಿಲು,
ಬಾಗಿಲಿಗೆ ಕುಂಕಳ್ಯೇಕಾರ್ ಸರ್ ಅಂಟಿಸಿದ ಚೀಟಿ:
ಒಳಗೆ ಬೆಳಕು ತರಬೇಡಿ.

ವಯರು ಹೋಗಬೇಕೆಂದರೆ ಬಾಗಿಲು ಬೆರಳಷ್ಟು ತೆರೆದಿರಬೇಕು.
ಬೆರಳಷ್ಟು ತೆರೆದರೆ ವಯರಿನ ಬೆನ್ನಿಗೇ
ನುಸುಳುತ್ತದೆ ಕಾರಿಡಾರಿನ ಟ್ಯೂಬ್‌ಲೈಟು.
ಅದಕ್ಕೇ ಈ ಉಪಾಯ:
ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡ ಕಂಪ್ಯೂಟರೊಂದನ್ನು
ಸ್ಪೆಕ್ಟ್ರೋಮೀಟರಿನ ಪಕ್ಕ ಕೂರಿಸಿದೆ,
ಎಳೆಗೂಸಿನ ಬಳಿ ಆಯಾಳನ್ನು ಬಿಟ್ಟ ಹಾಗೆ.
ಅದರ ಸಾಸಿವೆಯಷ್ಟು ಕೆಂಪು ದೀಪಕ್ಕೂ ಕರಿ ಟೇಪು ಸುತ್ತಿ
ಬಾಗಿಲೆಳೆದುಕೊಂಡು ಹೊರಬಂದೆ.

ಒಳಗೆ, ಬಾಟಲಿಯಲ್ಲಿ, ಸಿರಿದಾಂವ್ ಕಡಲಿನ ನೀರು.
ನೀರಲ್ಲಿ, ಕಲಕಿದರೆ ಕ್ಷಣ ನೀಲಿಯಾಗಿ ಕಿಡಿಯುವ
ಕಣ್ಣಿಗೆ ನಿಲುಕದ ಜೀವಗಳು.
ನಾನು ಬರೆಯಬೇಕಾದ್ದು ಮೂರೇ ಮಾತು:
ಕಲಕು. ನೋಡು. ಹೇಳು.

ಮೊದಲ ರಾತ್ರಿ ಅರ್ಧ ಮಾತನ್ನು ಗೋಡೆಯೇ ನುಂಗಿತು.
ಲ್ಯಾಪ್‌ಟಾಪನ್ನು ಬುಟ್ಟಿಯಂತೆ ಹೊತ್ತು
ಮೆಟ್ಟಿಲು ಹತ್ತಿದೆ, ಇಳಿದೆ, ಮೂಲೆಮೂಲೆ ಹಿಡಿದು ನೋಡಿದೆ.
ಕಾವಲಿನ ಬೊಸ್ತ್ಯಾಂವ ನಕ್ಕ: ಕೋಳಿ ಕಳೆಯಿತೇ ಬಾಯಿ?
ಕೊನೆಗೆ ಸಿಕ್ಕಿತು, ಮೆಟ್ಟಿಲ ಕೆಳಗೆ,
ಒಡೆದ ಕುರ್ಚಿಗಳ ಸಂದಿಯಲ್ಲಿ, ಎರಡು ಗೀಟು ಸಿಗ್ನಲ್ಲು.
ಅಲ್ಲೇ ಕುಕ್ಕರಿಸಿದೆ.

ದೋನಾಪಾವ್ಲಾದ ಗಾಳಿ ಉಪ್ಪು ತರುತ್ತಿತ್ತು.
ಪರದೆಯ ಮೇಲೆ ಕತ್ತಲಿನ ಗೆರೆ,
ಚಪ್ಪಟೆ, ತುಸು ನಡುಗುತ್ತ.
ಏನೂ ಇಲ್ಲದಾಗಲೂ ಯಂತ್ರಕ್ಕೆ ತನ್ನದೇ ಒಂದು ಗುಂಯ್‌ಗುಡುವಿಕೆ ಇರುತ್ತದೆ,
ಲೆಕ್ಕದಿಂದ ಅದನ್ನು ಕಳೆಯಬೇಕು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ
ಐನೂರ ನಲವತ್ತಾರರಲ್ಲಿ ಎದ್ದಿತು ಸೂಜಿ,
ನಾನೂರ ಮೂವತ್ತಾರರಲ್ಲಿ ಇನ್ನೊಂದು.
ಪಾದರಸದ ಗುರುತು. ಟ್ಯೂಬ್‌ಲೈಟು.
ಬಾಗಿಲು ತೆರೆದಿದ್ದಾರೆ ಯಾರೋ!
ನಲವತ್ತು ಸೆಕೆಂಡು. ಮತ್ತೆ ಚಪ್ಪಟೆ.
ಓಡಿದೆ. ನೆಲ ಒದ್ದೆ.
ಬಕೆಟ್ಟು ಹಿಡಿದು ನಿಂತಿದ್ದಳು ಫಕೀರವ್ವ,
ಬಾಯಿನಾದ ಓಣಿಯಿಂದ ರಾತ್ರಿಪಾಳಿಗೆ ಬರುವವಳು.

ಚೀಟಿ ಓದಲಿಲ್ಲವಾ ಎಂದೆ. ಕೇಳಬಾರದಿತ್ತು.
‘ನಾ ಏನ್ ಬೆಳಕ ತಂದಿಲ್ರೀ ಬಾಯಾರ,
ಅದ ನನ್ನ ಬೆನ್ನ ಹಿಂದ ಬಂತು.’

ಆಮೇಲೆ ಹೊಳೆಯಿತು:
ನನ್ನ ತಲೆಯ ಮೇಲಿನ ಮೆಟ್ಟಿಲನ್ನೇ ಅವಳು ಇಳಿದದ್ದು,
ಬಳೆ, ಬಕೆಟ್ಟು, ಒದ್ದೆ ಚಪ್ಪಲಿ ಸಮೇತ.
ಮೊಳದಾಚೆಯವಳ ಸುಳಿವನ್ನು
ಗೋಡೆಯಾಚೆಯ ಯಂತ್ರ ಹೇಳಿದ ಮೇಲೆ ತಿಳಿದೆ ನಾನು.

ಮರುರಾತ್ರಿ ಅವಳೇ ಮೆಟ್ಟಿಲ ಕೆಳಗೆ ಬಗ್ಗಿದಳು.
ಕಾರಿಡಾರಿನ ಸ್ವಿಚ್ಚು ಆರಿಸಿಯೇ ಬಂದಿದ್ದಳು.
‘ನಿಮ್ಮದೂ ಮುಚ್ಚರಿ.’
ಲ್ಯಾಪ್‌ಟಾಪು ಮಡಚಿದೆ.
ಫಿನಾಯಿಲಿನ ವಾಸನೆ ಗೋಡೆ ಸವರುತ್ತ ಹೋಯಿತು,
ಬಾಗಿಲು ನರಳಿತು, ಮುಚ್ಚಿತು.
ಒಳಗೆ ಎಲ್ಲೋ ಧಡ್ ಎಂದಿತು.

ಬೆಳಿಗ್ಗೆ ಪುಟ್ಟ ಕಂಪ್ಯೂಟರು ಬರೆದಿಟ್ಟದ್ದನ್ನು ತೆರೆದೆ.
ಟ್ಯೂಬ್‌ಲೈಟಿನ ಸೂಜಿಗಳಿಲ್ಲ.
ನಾಲ್ಕು ಹನ್ನೆರಡಕ್ಕೆ, ನಾನೂರ ಎಪ್ಪತ್ತೈದರ ಸುಮಾರಿಗೆ
ಒಂದು ನುಣುಪು ದಿಣ್ಣೆ, ನೀಲಿಯದು,
ವಾರವಿಡೀ ನಾನು ಕಲಕಿಸಿದ್ದಕ್ಕಿಂತ ಎತ್ತರ.
ಕಲಕು ಎಂದು ಬರೆದವರಿಲ್ಲ.
ನೆಲ ಒರೆಸುವ ಕೋಲು ಮೇಜಿನ ಕಾಲಿಗೆ ತಾಗಿದ್ದು.

ನೋಂದಣಿ ಪುಸ್ತಕದ ‘ಕಾರಣ’ ಕಲಮಿನಲ್ಲಿ
ಫಕೀರವ್ವ ಎಂದು ಬರೆದೆ.
ಇದು ಯಾವ ಕಂಪನಿಯ ಸಲಕರಣೆ, ಕೇಳಿದರು ಸರ್.

ನಲ್ಲಿಯ ಬಳಿ ಅವಳು ಬಟ್ಟೆ ಹಿಂಡುತ್ತಿದ್ದಳು.
ಹೆಂಗಿತ್ತು, ಎಂದೆ.
‘ಒಲಿ ಊದಿದಾಗ ಬೂದ್ಯಾಗಿನ ಕಿಡಿ ಏಳತಾವಲ್ರೀ,
ಹಂಗ. ಖರೆ ಸುಡೂದಿಲ್ಲ. ನೀಲಿ.
ನನ್ನ ಕೈ ನನಗ ಕಂಡ್ವು.’
ಹಿಂಡುವುದು ನಿಲ್ಲಿಸಿ ನನ್ನನ್ನೇ ನೋಡಿದಳು:
‘ಯಾಕ್ರೀ,
ನೀವು ಒಮ್ಮೀನೂ ನೋಡಿಲ್ಲೇನು?’